ಮ್ಯಾಗ್ನಂ ರಿವಾಲ್ವರ್: ಬೇಟೆಗೆ ಒಂದು, ಹೊತ್ತು ತಿರುಗೋಕೆ ಇನ್ನೊಂದು

ಇದು ಅಮೆರಿಕದಲ್ಲಿರುವ ಕನ್ನಡದವರ ಒಂದು ಕೂಟದಲ್ಲಿ ಆಡಿದ ಮಾತು. ಮ್ಯಾಗ್ನಂ ಅಂದರೆ ಮಾಮೂಲಿಗಿಂತ ಜಾಸ್ತಿ ಬಲದ ತೋಟೆ, ಅದನ್ನು ಹೊಡೆಯುವ ರಿವಾಲ್ವರ್ ಬಗ್ಗೆ ಈ ಮಾತು. ಬರೆದು ಕೊಡಿ ಅಂತ ಕೆಲವರು ಕೇಳಿದರು. ಮಾತಾಡಿದ ಹಾಗೇ ಇಟ್ಟಿದ್ದೇನೆ. ಸಭೆಯಲ್ಲಿ ಬಂದ ಒಂದೆರಡು ಪ್ರಶ್ನೆಗಳೂ ಕೊನೆಯಲ್ಲಿ ಇವೆ.

ರಿವಾಲ್ವರ್‌ಗಿಂತ ಮೊದಲು ವೀಸಾ ವಿಷಯ ಮುಗಿಸಿಬಿಡೋಣ. ಎಚ್-1ಬಿ, ಎಚ್-4, ಎಫ್-1 ಇವೆಲ್ಲ ಇಲ್ಲಿಯ ಕಾನೂನಿನ ಲೆಕ್ಕದಲ್ಲಿ ವಲಸೆಯೇತರ ವೀಸಾಗಳು. ಅಂಥವರು ಬಂದೂಕು ಇಟ್ಟುಕೊಳ್ಳುವುದು ಬಿಡಿ, ಜೇಬಿನಲ್ಲಿ ಒಂದು ತೋಟೆ ಇದ್ದರೂ ಫೆಡರಲ್ ಅಪರಾಧ. ಇದಕ್ಕೆ ಕೆಲವು ವಿನಾಯಿತಿಗಳಿವೆ. ನಮ್ಮವರಿಗೆ ಉಪಯೋಗಕ್ಕೆ ಬರುವುದು ಒಂದೇ: ಯಾವುದಾದರೂ ರಾಜ್ಯ ಕೊಟ್ಟಿರುವ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಆ ಲೈಸೆನ್ಸ್‌ನ ಅವಧಿ ಮುಗಿದ ಮರುದಿನ ವಿನಾಯಿತಿಯೂ ಮುಗಿಯಿತು, ಆದರೆ ಬಂದೂಕು ಮಾತ್ರ ಮನೆಯ ಕಪಾಟಿನಲ್ಲೇ ಕೂತಿರುತ್ತದೆ, ಅದನ್ನು ಜನ ಮರೆತುಬಿಡುತ್ತಾರೆ. ಗ್ರೀನ್ ಕಾರ್ಡ್ ಅರ್ಜಿ ಬಾಕಿ ಇರುವವರು ಇಂಥದ್ದಕ್ಕೆ ಕೈ ಹಾಕುವ ಮುಂಚೆ ವಕೀಲರನ್ನು ಕೇಳಿ. ಗ್ರೀನ್ ಕಾರ್ಡ್ ಬಂದವರಿಗೆ, ನಾಗರಿಕರಿಗೆ ಈ ತೊಡಕಿಲ್ಲ. ಆದರೂ ಅಂಗಡಿಯಿಂದ ಕೈಬಂದೂಕು ಕೊಳ್ಳೋಕೆ 21 ವರ್ಷ ಆಗಿರಬೇಕು, ನೀವು ವಾಸ ಇರುವ ರಾಜ್ಯದಲ್ಲೇ ಕೊಳ್ಳಬೇಕು.

ಕೊಡಗಿನ ಕಡೆಯವರು ಇಲ್ಲಿ ಇದ್ದಾರೆ, ನಗುತ್ತಿದ್ದಾರೆ. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಹೂ ಇಟ್ಟು ಬೆಳೆದವರಿಗೆ ಬಂದೂಕು ಹೊಸದಲ್ಲ. ಆದರೆ ಅಲ್ಲಿನ ಲೈಸೆನ್ಸ್ ವಿನಾಯಿತಿ ಇಲ್ಲಿ ನಡೆಯಲ್ಲ. ಇನ್ನೊಂದು ವಿಷಯ, ಮನೆಯಲ್ಲಿದ್ದ ಜೋಡು ನಳಿಗೆ ಕೋವಿಯ ಅನುಭವ ಮ್ಯಾಗ್ನಂ ರಿವಾಲ್ವರ್‌ಗೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಕೋವಿಯ ಒದೆತವನ್ನು ಭುಜ ತಡೆದುಕೊಳ್ಳುತ್ತದೆ. ಇಲ್ಲಿ ಎಲ್ಲವೂ ಮಣಿಕಟ್ಟಿನ ಮೇಲೆ.

ಈಗ ನಿಜವಾದ ವಿಷಯಕ್ಕೆ ಬರೋಣ. "ಬೇಟೆಗೂ ಆಗಬೇಕು, ಕಾಡಿನಲ್ಲಿ ಹೊತ್ತು ತಿರುಗೋಕೂ ಆಗಬೇಕು, ಒಳ್ಳೆಯದೇ ತಗೋತೀನಿ, ದುಡ್ಡಿನ ಚಿಂತೆ ಇಲ್ಲ" ಅಂತ ಬರುವವರು ಬಹಳ ಜನ. ತೊಂದರೆ ದುಡ್ಡಿನದಲ್ಲ. ಬೇಟೆಯ ರಿವಾಲ್ವರ್ ಭಾರ ಇರಬೇಕು, ಬ್ಯಾರಲ್ ಉದ್ದ ಇರಬೇಕು, ಮೇಲೊಂದು ದುರ್ಬೀನಿನಂಥ ಸ್ಕೋಪ್ ಅಥವಾ ಗುರಿಗೆ ಕೆಂಪು ಚುಕ್ಕಿ ತೋರಿಸುವ ರೆಡ್ ಡಾಟ್ ಕೂರಬೇಕು. ಹೊತ್ತು ತಿರುಗುವುದು ಹಗುರ ಇರಬೇಕು, ಗಿಡ್ಡ ಇರಬೇಕು, ಎಲ್ಲೂ ಸಿಕ್ಕಿಕೊಳ್ಳದೆ ಒಂದೇ ಎಳೆತಕ್ಕೆ ಹೊರಗೆ ಬರಬೇಕು. ಎರಡೂ ಒಂದರಲ್ಲೇ ಬೇಕು ಅಂದಾಗ ಎಲ್ಲೋ ಒಂದು ಕಡೆ ಬಿಟ್ಟುಕೊಡಲೇಬೇಕು. ಎಷ್ಟು ಸಾವಿರ ಡಾಲರ್ ಕೊಟ್ಟರೂ ಇದು ತಪ್ಪಲ್ಲ. ಎಲ್ಲಿ ಬಿಟ್ಟುಕೊಡುವುದು ಅನ್ನೋದನ್ನು ಅಂಗಡಿಗೆ ಹೋಗುವ ಮೊದಲೇ ತೀರ್ಮಾನ ಮಾಡಿಕೊಳ್ಳಿ, ಯಾಕೆಂದರೆ ಗಾಜಿನ ಕೆಳಗೆ ಹೊಳೆಯೋ ಸ್ಟೀಲ್ ನೋಡಿದ ಮೇಲೆ ಯಾರ ತಲೆಯೂ ಸರಿಯಾಗಿ ಓಡಲ್ಲ.

ತೋಟೆಯಿಂದ ಶುರು ಮಾಡೋಣ. ತೋಟೆಯ ಹೆಸರಿನ ಅಂಕಿ ಅಂದರೆ ಗುಂಡಿನ ದಪ್ಪ, ಇಂಚಿನ ಲೆಕ್ಕದಲ್ಲಿ, ಸುಮಾರಾಗಿ. 1935ರಲ್ಲಿ ಸ್ಮಿತ್ ಅಂಡ್ ವೆಸನ್ ಮತ್ತು ವಿಂಚೆಸ್ಟರ್ ಕಂಪನಿಗಳು ಸೇರಿ .357 ಮ್ಯಾಗ್ನಂ ತಂದವು. ಐಡಾಹೋದ ಎಲ್ಮರ್ ಕೀತ್ ಅನ್ನುವ ರ್‍ಯಾಂಚ್ ಮನುಷ್ಯ ಹಳೆಯ .44 ಸ್ಪೆಷಲ್‌ಗೆ ಜಾಸ್ತಿ ಜಾಸ್ತಿ ಮದ್ದು ತುಂಬಿ ಹೊಡೆಯುತ್ತಾ, ಅದರ ಬಗ್ಗೆ ವರ್ಷಗಟ್ಟಲೆ ಬರೆಯುತ್ತಾ, ಕಂಪನಿಗಳ ಬೆನ್ನು ಹತ್ತಿದ. ಕೊನೆಗೆ 1955ರ ಕೊನೆಯಲ್ಲಿ .44 ಮ್ಯಾಗ್ನಂ ಬಂತು. ರಿವಾಲ್ವರ್ ಸ್ಮಿತ್ ಅಂಡ್ ವೆಸನ್‌ದು, ತೋಟೆ ರೆಮಿಂಗ್ಟನ್‌ದು. ಮರುವರ್ಷವೇ ರೂಗರ್ ಕಂಪನಿ ತನ್ನ .44 ಬ್ಲ್ಯಾಕ್‌ಹಾಕ್ ತಂದಿತು. ಆಮೇಲೆ ಪೈಪೋಟಿ ನಿಲ್ಲಲೇ ಇಲ್ಲ. ಡಿಕ್ ಕಸೂಲ್ 1950ರ ದಶಕದಲ್ಲೇ ತಯಾರಿಸಿದ್ದ .454 ಕಸೂಲ್‌ಗೆ ತಕ್ಕ ರಿವಾಲ್ವರನ್ನು ವಯೋಮಿಂಗ್‌ನ ಫ್ರೀಡಂ ಆರ್ಮ್ಸ್ 1983ರಲ್ಲಿ ಮಾರುಕಟ್ಟೆಗೆ ತಂದಿತು. 2003ರಲ್ಲಿ .500 ಸ್ಮಿತ್ ಅಂಡ್ ವೆಸನ್, 2005ರಲ್ಲಿ .460.

ಅಂಕಿ ಹೇಳಿದರೆ ಅಂದಾಜು ಸಿಗುತ್ತದೆ. ಅಡಿ-ಪೌಂಡ್ ಅನ್ನೋದು ಗುಂಡಿನ ಶಕ್ತಿಯ ಅಳತೆ. ಊರಲ್ಲಿ ಲೈಸೆನ್ಸ್ ಇರುವವರ ಹತ್ತಿರ ನೋಡಿರುತ್ತೀರಲ್ಲ, ಕಾನ್ಪುರದ ಕಾರ್ಖಾನೆಯ .32 ರಿವಾಲ್ವರ್, ಆ ತೋಟೆಯ ಶಕ್ತಿ 100 ಅಡಿ-ಪೌಂಡ್ ಆಸುಪಾಸು. .357ರದ್ದು 500 ಚಿಲ್ಲರೆ. .44ರದ್ದು 240 ಗ್ರೇನ್, ಅಂದರೆ ಹದಿನೈದೂವರೆ ಗ್ರಾಂ ಗುಂಡಿಗೆ, 800ರ ಮೇಲೆ. .454ರದ್ದು 1,700 ದಾಟುತ್ತದೆ. .500ರದ್ದು 2,500ರ ಹತ್ತಿರ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಇದನ್ನೂ ನೆನಪಿಡಿ: ಜಿಂಕೆ ಬೇಟೆಗೆ ಎಲ್ಲರೂ ಹಿಡಿಯುವ ಸಾಮಾನ್ಯ .30-06 ರೈಫಲ್ 2,800 ಅಡಿ-ಪೌಂಡ್ ಕೊಡುತ್ತದೆ. ಅಂದರೆ ಹೆಸರುವಾಸಿ .44 ಮ್ಯಾಗ್ನಂ ಅದರ ಮೂರನೇ ಒಂದು ಭಾಗಕ್ಕೂ ಕಷ್ಟಪಟ್ಟು ಬರುತ್ತದೆ. ರಿವಾಲ್ವರ್ ಗುಂಡು ಪ್ರಾಣಿಯನ್ನು ಹೊಡೆತದಿಂದ ಉರುಳಿಸುವುದಿಲ್ಲ. ಅಗಲವಾದ ತೂತು ಕೊರೆದುಕೊಂಡು ಆಳಕ್ಕೆ ಹೋಗುತ್ತದೆ, ಅಷ್ಟೇ. ಆ ತೂತು ಸರಿಯಾದ ಜಾಗದಲ್ಲಿ ಆಗಬೇಕು. ಅಲ್ಲಿಗೆ ವಿಷಯ ಮತ್ತೆ ನಿಮ್ಮ ಕೈಗೇ ಬಂತು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನೂರರಲ್ಲಿ ತೊಂಬತ್ತು ಜನಕ್ಕೆ .44 ಸಾಕು. ವೈಟ್‌ಟೇಲ್ ಜಿಂಕೆ, ಕಾಡುಹಂದಿ, ಕಪ್ಪು ಕರಡಿ, ಹತ್ತಿರದಿಂದಾದರೆ ಎಲ್ಕ್ ಅನ್ನುವ ದೊಡ್ಡ ಜಿಂಕೆ ಕೂಡ. ಅದರಲ್ಲೇ .44 ಸ್ಪೆಷಲ್ ತೋಟೆಯೂ ಹೋಗುತ್ತದೆ. ಅದು ಮೆತ್ತಗೆ ಒದೆಯುವ ತೋಟೆ, ಅಭ್ಯಾಸಕ್ಕೆ ಹೇಳಿ ಮಾಡಿಸಿದ್ದು. ಅದೇ ರೀತಿ .357ರಲ್ಲಿ .38 ಸ್ಪೆಷಲ್, .454ರಲ್ಲಿ .45 ಕೋಲ್ಟ್ ಹಾಕಬಹುದು. .460ರಲ್ಲಂತೂ .454, .45 ಕೋಲ್ಟ್ ಎರಡೂ ನಡೆಯುತ್ತವೆ. ಉಲ್ಟಾ ಮಾತ್ರ ಆಗಲ್ಲ. ಈ ಅನುಕೂಲ ಇದೆ ಅಂತ .454 ಕೊಂಡು ಜೀವಮಾನವೆಲ್ಲ .45 ಕೋಲ್ಟ್ ಹೊಡೆಯುವ ಜಾಣರೂ ಇದ್ದಾರೆ, ಅದೇನು ಕೆಟ್ಟ ಯೋಚನೆ ಅಲ್ಲ.

.500 ಕೊಳ್ಳುವವರಿಗೆ ನಾನು ಬೇಡ ಅನ್ನುವುದಿಲ್ಲ. ಆದರೆ ಎಂಟೂ ಚಿಲ್ಲರೆ ಇಂಚಿನ ಬ್ಯಾರಲ್ ಇರುವ ಅದು ಎರಡು ಕೆಜಿ ತೂಗುತ್ತದೆ. ಎರಡು ಕೆಜಿಗೆ ಇನ್ನೊಂದು ಕೆಜಿ ಸೇರಿಸಿದರೆ ರೈಫಲ್ಲೇ ಬರುತ್ತಲ್ಲ ಸ್ವಾಮಿ.

ತೂಕದ ವಿಷಯ ಇನ್ನೊಂದು ತುದಿಯಲ್ಲೂ ಇದೆ. ಸ್ಮಿತ್ ಅಂಡ್ ವೆಸನ್ 329ಪಿಡಿ ಅಂತ ಒಂದಿದೆ. ಸ್ಕ್ಯಾಂಡಿಯಂ ಬೆರೆಸಿದ ಅಲ್ಯೂಮಿನಿಯಂ ಫ್ರೇಮ್, ತೋಟೆಗಳು ಕೂರುವ, ತಿರುಗುವ ಸಿಲಿಂಡರ್ ಟೈಟಾನಿಯಂದು, ತೂಕ 700 ಗ್ರಾಂಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದೇ ಕಂಪನಿಯ ಸ್ಟೀಲಿನ 629, ನಾಲ್ಕು ಇಂಚಿನ ಬ್ಯಾರಲ್‌ದು, 1.2 ಕೆಜಿ ಹತ್ತಿರ. ಅಂಗಡಿಯಲ್ಲಿ ಎರಡನ್ನೂ ಕೈಗೆ ಕೊಟ್ಟರೆ ಎಲ್ಲರೂ ಹಗುರದ್ದನ್ನೇ ಆರಿಸುತ್ತಾರೆ. ಹೊರಗೆ ಹೋಗಿ ಪೂರಾ ಶಕ್ತಿಯ ತೋಟೆ ತುಂಬಿ ಹೊಡೆದ ಮೇಲೆ ಮುಖ ಬೇರೆಯಾಗುತ್ತದೆ. ಅಂಗೈ ಉರಿಯುತ್ತದೆ, ಎರಡನೇ ಈಡಿಗೆ ಕಣ್ಣು ತಾನಾಗಿಯೇ ಮುಚ್ಚುತ್ತದೆ, ಟ್ರಿಗರ್ ಎಳೆಯುವ ಮೊದಲೇ ಬ್ಯಾರಲ್ ಕೆಳಗೆ ಬಾಗುತ್ತದೆ. ಈ ಬೆಚ್ಚುವ ಅಭ್ಯಾಸ ಒಮ್ಮೆ ಹತ್ತಿದರೆ ಬಿಡಿಸೋಕೆ ತಿಂಗಳುಗಳೇ ಬೇಕು. ಇನ್ನೊಂದು ತೊಂದರೆ ಬಹಳ ಜನಕ್ಕೆ ಗೊತ್ತಿರಲ್ಲ. ಬಂದೂಕು ಹಗುರವಾದಷ್ಟೂ ಒದೆತದ ವೇಗ ಜಾಸ್ತಿ. ಆ ಜಗ್ಗಾಟಕ್ಕೆ ಸಿಲಿಂಡರ್‌ನಲ್ಲಿ ಉಳಿದಿರುವ ತೋಟೆಗಳ ಗುಂಡು ಹಿತ್ತಾಳೆಯ ಕೋಶದಿಂದ ಮುಂದಕ್ಕೆ ಜಾರಿ ಬರಬಹುದು. ಅದು ಸಿಲಿಂಡರ್‌ನಿಂದ ಹೊರಗೆ ಇಣುಕಿತೋ, ಸಿಲಿಂಡರ್ ತಿರುಗುವುದೇ ಇಲ್ಲ. ಕರಡಿ ಎದುರಿಗಿದ್ದಾಗ ರಿವಾಲ್ವರ್ ಬರೀ ಕಬ್ಬಿಣದ ತುಂಡಾಯಿತು. ಆದ್ದರಿಂದ ಹಗುರದ್ದು ಕೊಂಡರೆ, ನೀವು ಕಾಡಿಗೆ ಒಯ್ಯುವ ಅದೇ ತೋಟೆಯನ್ನು ಹೀಗೆ ಪರೀಕ್ಷೆ ಮಾಡಿ: ಆರು ತುಂಬಿ, ಐದು ಹೊಡೆಯಿರಿ, ಆರನೆಯದನ್ನು ಹೊರತೆಗೆದು ಅಳೆಯಿರಿ. ಉದ್ದ ಬೆಳೆದಿದ್ದರೆ ಆ ತೋಟೆ ಆ ಬಂದೂಕಿಗೆ ಬೇಡ.

ಟೈಟಾನಿಯಂ ಸಿಲಿಂಡರ್ ಇದ್ದರೆ ಒಳಗೆ ಒರಟು ಬ್ರಶ್, ಉಜ್ಜುವ ಪೇಸ್ಟ್ ಹಾಕಬೇಡಿ, ಮೇಲಿನ ಲೇಪ ಹೋಗುತ್ತದೆ.

ಹಾಗಾದರೆ ದುಬಾರಿ ರಿವಾಲ್ವರ್‌ನಲ್ಲಿ ದುಡ್ಡು ಹೋಗುವುದು ಎಲ್ಲಿಗೆ? ಶಕ್ತಿಗಲ್ಲ. ಸಾವಿರ ಡಾಲರ್‌ನ .44, ಮೂರು ಸಾವಿರದ .44, ಎರಡರಿಂದಲೂ ಒಂದೇ ತೋಟೆ ಒಂದೇ ಥರ ಹೋಗುತ್ತದೆ. ದುಡ್ಡು ಹೋಗುವುದು ಹೊಂದಾಣಿಕೆಗೆ. ರಿವಾಲ್ವರ್ ಅಂದರೆ ಏನು ಯೋಚನೆ ಮಾಡಿ, ತೋಟೆ ಕೂರುವ ಐದೋ ಆರೋ ಬೇರೆ ಬೇರೆ ಕೋಣೆ, ಒಂದೇ ಬ್ಯಾರಲ್. ಪ್ರತಿ ಕೋಣೆಯೂ ತಿರುಗಿ ಬಂದು ಬ್ಯಾರಲ್ ಎದುರಿಗೆ ಕೂದಲೆಳೆಯಷ್ಟೂ ಆಚೀಚೆ ಆಗದೆ ನಿಲ್ಲಬೇಕು. ಫ್ರೀಡಂ ಆರ್ಮ್ಸ್‌ನವರು ತಮ್ಮ ಮಾಡೆಲ್ 83ರ ಐದೂ ಕೋಣೆಗಳನ್ನು ಅದೇ ಫ್ರೇಮ್‌ನಲ್ಲಿ, ಬ್ಯಾರಲ್‌ನ ನೇರಕ್ಕೇ ಕೊರೆಯುತ್ತಾರೆ. ಕಾರ್ಖಾನೆಯಲ್ಲಿ ರಾಶಿ ರಾಶಿ ಸಿಲಿಂಡರ್ ಮಾಡಿ ಯಾವುದೋ ಒಂದನ್ನು ಯಾವುದಕ್ಕೋ ಜೋಡಿಸುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಐವತ್ತು ಗಜದಲ್ಲಿ ಕಾಗದದ ಮೇಲೆ ಕಾಣುತ್ತದೆ. ಜರ್ಮನಿಯ ಕೋರ್ತ್ ಇದೆ, ಟ್ರಿಗರ್ ಬೆಣ್ಣೆ, ಬೆಲೆ ಕೇಳಿದರೆ ನೀರು ಕುಡಿಯಬೇಕು. ಹ್ಯಾಮಿಲ್ಟನ್ ಬೋವನ್ ತರದ ಕುಶಲಕರ್ಮಿಗಳು ಸಾಧಾರಣ ರೂಗರನ್ನೇ ಬಿಚ್ಚಿ ಬೇರೆಯೇ ಮಟ್ಟಕ್ಕೆ ತಂದು ಹೆಸರು ಮಾಡಿದವರು. ಕೋಲ್ಟ್ 2021ರಲ್ಲಿ ತನ್ನ .44 ಅನಕೊಂಡಾವನ್ನು ಮತ್ತೆ ಶುರು ಮಾಡಿತು. ನೋಡೋಕೆ ಚೆಂದ, ಭಾರವೂ ಇದೆ.

ಇವುಗಳ ಮಧ್ಯೆ ರೂಗರ್ ಸೂಪರ್ ರೆಡ್‌ಹಾಕ್ ಅನ್ನೋದು ಅಂದವಿಲ್ಲದ ದೊಡ್ಡ ಮುದ್ದೆ. 1987ರಿಂದ ಇದೆ. ಫ್ರೇಮ್ ಮೇಲೇ ಸ್ಕೋಪ್ ರಿಂಗ್ ಕೂರಿಸೋಕೆ ಜಾಗ ಕೊರೆದು ಕೊಡುತ್ತಾರೆ. ಬೇಟೆಗೆ ಮಾತ್ರ ಅಂತ ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಇದನ್ನೇ, ಉಳಿದ ದುಡ್ಡಿಗೆ ತೋಟೆ ಕೊಳ್ಳಿ ಅನ್ನುತ್ತೇನೆ. ತುಂಬಾ ದುಬಾರಿ ರಿವಾಲ್ವರ್ ಕೊಂಡು ಗೀರು ಬೀಳುತ್ತೆ ಅಂತ ಮಳೆಯಲ್ಲಿ ತೆಗೆಯದವರನ್ನು ಬೇಕಾದಷ್ಟು ನೋಡಿದ್ದೇನೆ.

ಕೊಳ್ಳುವಾಗ ಅಂಗಡಿಯವರನ್ನು ಕೇಳಿಯೇ ಕೈ ಹಾಕಿ. ಮೊದಲು ಸಿಲಿಂಡರ್ ತೆರೆದು ಖಾಲಿ ಇದೆಯಾ ನೋಡಿ, ಅವರು ನೋಡಿ ಕೊಟ್ಟಿದ್ದರೂ ನೀವೂ ನೋಡಿ. ಆಮೇಲೆ ಹ್ಯಾಮರನ್ನು, ಅಂದರೆ ಹಿಂದುಗಡೆ ಇರುವ ಬಡಿಯುವ ಸುತ್ತಿಗೆಯನ್ನು, ನಿಧಾನಕ್ಕೆ ಹಿಂದೆ ಎಳೆಯುತ್ತಾ ಹೋಗಿ. ಹ್ಯಾಮರ್ ಪೂರ್ತಿ ನಿಲ್ಲುವ ಹೊತ್ತಿಗೆ ಸಿಲಿಂಡರ್ ಲಾಕ್ ಆಗಿರಬೇಕು, ಪ್ರತಿ ಕೋಣೆಗೂ ಹೀಗೇ ಆಗಬೇಕು, ಒಂದು ತಡವಾದರೂ ಬೇಡ. ಸಿಲಿಂಡರನ್ನು ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ, ಕಟಕಟ ಅಂದರೆ ಸವೆದಿದೆ. ಸಿಲಿಂಡರ್‌ಗೂ ಬ್ಯಾರಲ್‌ಗೂ ನಡುವಿನ ಸಂದಿಯನ್ನು ಬೆಳಕಿಗೆ ಹಿಡಿದು ನೋಡಿ, ಸಾಧ್ಯವಾದರೆ ಸಂದಿ ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್, ಹಾಕಿ. ಇಂಚಿನ ಸಾವಿರದಲ್ಲಿ ನಾಲ್ಕರಿಂದ ಆರು ಭಾಗ ಇದ್ದರೆ ಸರಿ. ಹಳೆಯ ಬಂದೂಕಾದರೆ ಆ ಸಂದಿಯ ಮೇಲೆ ಫ್ರೇಮ್‌ನಲ್ಲಿ ಬೆಂಕಿ ಕೊರೆದ ಗೆರೆ ಇರುತ್ತದೆ. ಸ್ವಲ್ಪ ಇದ್ದರೆ ಪರವಾಗಿಲ್ಲ, ಆಳವಾಗಿದ್ದರೆ ಭಾರೀ ಒತ್ತಡದ ತೋಟೆ ಜಾಸ್ತಿ ತಿಂದಿದೆ ಅಂತ ಅರ್ಥ.

ಆ ಸಂದಿಯ ವಿಷಯ ಬಂತಲ್ಲ, ಇದನ್ನು ಎಲ್ಲರೂ ಕಿವಿಗೊಟ್ಟು ಕೇಳಿ. .454, .460, .500 ಇವುಗಳ ಒತ್ತಡ ಚದರ ಇಂಚಿಗೆ 60,000 ಪೌಂಡ್ ಮತ್ತು ಅದಕ್ಕೂ ಮೇಲೆ ಹೋಗುತ್ತದೆ. .44ರದ್ದು 36,000. ಆ ಸಂದಿಯಿಂದ ಪಕ್ಕಕ್ಕೆ ನುಗ್ಗುವ ಬಿಸಿ ಗಾಳಿ ಬೆರಳನ್ನು ಕತ್ತರಿಸಬಲ್ಲದು. ಪಿಸ್ತೂಲ್ ಹಿಡಿಯುವ ಹಾಗೆ ಹೆಬ್ಬೆರಳು ಮುಂದೆ ಚಾಚಿ ಹಿಡಿಯುವ ಅಭ್ಯಾಸ ಇರುವವರು ಅದನ್ನು ಇಲ್ಲಿ ಮರೆಯಬೇಕು. ರೈಫಲ್ ಥರ ಮುಂದೆ ಕೈ ಕೊಟ್ಟು ಹಿಡಿಯುವುದಂತೂ ಬೇಡವೇ ಬೇಡ.

ಬ್ಯಾರಲ್ ಉದ್ದಕ್ಕೆ ಬರೋಣ. ಇದನ್ನು ನಿಮ್ಮ ಇಷ್ಟಕ್ಕಿಂತ ಮೊದಲು ನಿಮ್ಮ ರಾಜ್ಯ ತೀರ್ಮಾನ ಮಾಡಿರಬಹುದು. ಓಹಾಯೋದಲ್ಲಿ ಜಿಂಕೆ ಬೇಟೆಯ ಕೈಬಂದೂಕಿಗೆ ಕನಿಷ್ಠ 5 ಇಂಚಿನ ಬ್ಯಾರಲ್ ಬೇಕು, .357 ಅಥವಾ ಅದಕ್ಕಿಂತ ದೊಡ್ಡ ಅಳತೆಯ, ನೇರ ಗೋಡೆಯ, ಅಂದರೆ ಕುತ್ತಿಗೆ ಕಿರಿದಾಗದ, ತೋಟೆ ಬೇಕು. ನಾಲ್ಕು ಇಂಚಿನದು ಕೊಂಡು ಬಂದಿದ್ದರೆ ಅಲ್ಲಿಗೆ ಮುಗಿಯಿತು. ಪ್ರತಿ ರಾಜ್ಯದ ವನ್ಯಜೀವಿ ಇಲಾಖೆ ಪ್ರತಿ ವರ್ಷ ನಿಯಮದ ಪುಸ್ತಕ ತರುತ್ತದೆ, ಸುಮ್ನೆ ಓದಿ. ಬೇಟೆಗೆ ಆರರಿಂದ ಏಳೂವರೆ ಇಂಚು ನನಗೆ ಸರಿ ಅನ್ನಿಸುತ್ತದೆ. ಹೊತ್ತು ತಿರುಗೋಕೆ ನಾಲ್ಕು. ಎರಡಕ್ಕೂ ಒಂದೇ ಅಂತ ಹಟ ಮಾಡಿದರೆ ಐದೂ ಚಿಲ್ಲರೆ, ಸ್ಟೀಲಿನದು, .44. ರೂಗರ್‌ನ ಅಲಾಸ್ಕನ್ ಅನ್ನುವ ಎರಡೂವರೆ ಇಂಚಿನದು .454ರಲ್ಲಿ ಬರುತ್ತದೆ. ಅದರ ಸದ್ದು, ಬೆಂಕಿ ನೋಡಿದರೆ ಮದ್ದು ಅರ್ಧ ಹೊರಗೇ ಉರಿಯುತ್ತದೇನೋ ಅನ್ನಿಸುತ್ತದೆ.

ಎಷ್ಟು ದೂರ ಹೊಡೆಯಬಹುದು ಅಂತ ಎಲ್ಲರೂ ಕೇಳುತ್ತಾರೆ. ಊಟದ ಕಾಗದದ ತಟ್ಟೆ ಒಂದನ್ನು ನೇತುಹಾಕಿ. ಬೆಂಚಿನ ಮೇಲೆ ಅಲ್ಲ, ಕಾಡಿನಲ್ಲಿ ಹೇಗೆ ಕೂರುತ್ತೀರೋ ನಿಲ್ಲುತ್ತೀರೋ ಹಾಗೆ ಹೊಡೆಯಿರಿ. ಹೊಡೆದದ್ದೆಲ್ಲ ತಟ್ಟೆಯೊಳಗೆ ಬೀಳುವಷ್ಟು ದೂರವೇ ನಿಮ್ಮ ದೂರ. ಕೆಲವರಿಗೆ ಅದು 75 ಗಜ, ಬಹಳ ಜನಕ್ಕೆ 30.

ಸಿಂಗಲ್ ಆ್ಯಕ್ಷನ್ನೋ ಡಬಲ್ಲೋ? ಸಿಂಗಲ್ ಅಂದರೆ ಪ್ರತಿ ಸಲ ಹ್ಯಾಮರನ್ನು ಕೈಯಿಂದ ಹಿಂದಕ್ಕೆ ಎಳೆಯಬೇಕು, ಡಬಲ್ ಅಂದರೆ ಟ್ರಿಗರ್ ಎಳೆತವೇ ಆ ಕೆಲಸವನ್ನೂ ಮಾಡುತ್ತದೆ. ಬೇಟೆಗಾದರೆ ಯಾವುದೂ ಆಗುತ್ತದೆ, ಹೇಗಿದ್ದರೂ ಹ್ಯಾಮರ್ ಎಳೆದು ಗುರಿ ಹಿಡಿದೇ ಹೊಡೆಯುತ್ತೀರಿ. ಭಾರೀ ಒದೆತಕ್ಕೆ ರೂಗರ್‌ನ ಬಿಸ್ಲಿ ಹಿಡಿಕೆ ನನಗೆ ಇಷ್ಟ. ಪ್ರಾಣರಕ್ಷಣೆಗಾದರೆ ಡಬಲ್ ಆ್ಯಕ್ಷನ್ ಬೇಕು, ಬಿದ್ದುಕೊಂಡು, ಒಂದೇ ಕೈಯಲ್ಲಿ, ಬರೀ ಟ್ರಿಗರ್ ಎಳೆದರೆ ಗುಂಡು ಹಾರಬೇಕು. ಹಳೆಯ ಕೋಲ್ಟ್ ಮಾದರಿಯ ಸಿಂಗಲ್ ಆ್ಯಕ್ಷನ್ ಇದ್ದರೆ, 1973ಕ್ಕಿಂತ ಹಿಂದಿನ, ಮಾರ್ಪಾಡು ಮಾಡಿಸದ ರೂಗರ್ ಇದ್ದರೆ, ಹ್ಯಾಮರ್ ಕೆಳಗಿನ ಕೋಣೆ ಖಾಲಿ ಇಟ್ಟೇ ಹೊರಬೇಕು. ಕಲ್ಲಿನ ಮೇಲೆ ಬಿದ್ದರೆ ಸಿಡಿಯುತ್ತದೆ.

ಗುಂಡಿನ ವಿಷಯ ಚಿಕ್ಕದಾಗಿ. ಜಿಂಕೆಗೆ ಅರಳುವ ಗುಂಡು ಸರಿ. ದಪ್ಪ ಮೂಳೆಯ ಪ್ರಾಣಿಗೆ, ಕರಡಿಗೆ, ಅಗಲ ಚಪ್ಪಟೆ ಮೂತಿಯ ಗಟ್ಟಿ ಸೀಸದ ಗುಂಡು, ಅದು ಆಕಾರ ಕೆಡದೆ ಆಳಕ್ಕೆ ಹೋಗುತ್ತದೆ. ಕ್ಯಾಲಿಫೋರ್ನಿಯಾದವರು ಗಮನಿಸಿ, ಅಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸವೇ ಇಲ್ಲ, ತಾಮ್ರದ್ದು ಹಾಕಬೇಕು. ರಣಹದ್ದಿನ ಜಾತಿಯ ಕಾಂಡೋರ್ ಹಕ್ಕಿಗಳು ಸೀಸದ ಚೂರು ತಿಂದು ಸಾಯುತ್ತಿದ್ದದ್ದೇ ಇದರ ಹಿಂದಿನ ದೊಡ್ಡ ಕಾರಣ. ನನಗೆ ಆ ನಿಯಮ ಒಪ್ಪಿಗೆ, ಬೆಲೆ ಮಾತ್ರ ಒಪ್ಪಿಗೆ ಇಲ್ಲ.

ಹೊರುವ ಬಗೆ. ಬೆನ್ನಿಗೆ ದೊಡ್ಡ ಬ್ಯಾಗ್ ಹಾಕಿದರೆ ಅದರ ಸೊಂಟಪಟ್ಟಿ ಬರುವುದು ಹೋಲ್ಸ್ಟರ್, ಅಂದರೆ ರಿವಾಲ್ವರ್ ಇಡುವ ಒರೆಯ, ಜಾಗಕ್ಕೇ. ಮೀನು ಹಿಡಿಯುವವರು ನೀರಿಗಿಳಿಯೋಕೆ ಹಾಕುವ, ಎದೆವರೆಗೆ ಬರುವ ವೇಡರ್ ಹಾಕಿದರಂತೂ ಸೊಂಟವೇ ಸಿಗಲ್ಲ. ಅದಕ್ಕೇ ಅಲಾಸ್ಕಾದಲ್ಲಿ ಎದೆಯ ಮೇಲೆ ಅಡ್ಡ ಕಟ್ಟುವ ಹೋಲ್ಸ್ಟರ್ ಅಷ್ಟು ಜನಪ್ರಿಯ. ಬ್ಯಾಗ್‌ನ ಒಳಗೆ ಇಟ್ಟ ರಿವಾಲ್ವರ್ ಮನೆಯಲ್ಲಿಟ್ಟ ಹಾಗೆ. ಬಂದೂಕಿಗೆ ಮೂರು ಸಾವಿರ ಕೊಟ್ಟು ಹೋಲ್ಸ್ಟರ್‌ಗೆ ಮೂವತ್ತು ಕೊಡುವವರ ಲೆಕ್ಕ ನನಗೆ ಅರ್ಥವಾಗಲ್ಲ. ಕಿವಿಗೂ ಖರ್ಚು ಮಾಡಿ. ಸದ್ದು 140 ಡೆಸಿಬೆಲ್ ದಾಟಿದರೆ ಒಂದೇ ಈಡಿಗೆ ಕಿವಿಗೆ ಶಾಶ್ವತ ಹಾನಿ ಆಗಬಹುದು, ಮ್ಯಾಗ್ನಂ ಅದನ್ನು ಸುಲಭವಾಗಿ ದಾಟುತ್ತದೆ. ಸಣ್ಣ ಸದ್ದು ಕೇಳಿಸಿ ದೊಡ್ಡ ಸದ್ದು ತಡೆಯುವ ಎಲೆಕ್ಟ್ರಾನಿಕ್ ಮಫ್ ಬೇಟೆಗೆ ಒಳ್ಳೆಯದು.

ಸಭೆಯಲ್ಲಿ ಒಬ್ಬ ಮೇಡಂ ಕೇಳಿದರು: "ಸರ್, ನಾವು ಬೇಟೆಯವರಲ್ಲ. ಯೆಲ್ಲೋಸ್ಟೋನ್, ಗ್ಲೇಶಿಯರ್ ರಾಷ್ಟ್ರೀಯ ಉದ್ಯಾನಗಳ ಕಡೆ ಮಕ್ಕಳ ಜೊತೆ ನಡೆಯುತ್ತೇವೆ. ಕರಡಿಗೆ ಯಾವ ರಿವಾಲ್ವರ್?"

ಮೇಡಂ, ನಿಮಗೆ ಬೇರ್ ಸ್ಪ್ರೇ, ಕರಡಿ ಮುಖಕ್ಕೆ ಎರಚುವ ಮೆಣಸಿನ ಖಾರದ ಸ್ಪ್ರೇ. ಬಂದೂಕಿನ ಮೇಲೆ ಪ್ರೀತಿ ಇರುವ ನಾನೇ ಇದನ್ನು ಹೇಳುತ್ತಿದ್ದೇನೆ. ಕರಡಿ ಸಂಶೋಧಕರಾದ ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಜೊತೆಗಾರರು ಅಲಾಸ್ಕಾದಲ್ಲಿ 1985ರಿಂದ 2006ರವರೆಗೆ ಸ್ಪ್ರೇ ಬಳಸಿದ 83 ಘಟನೆಗಳನ್ನು ಜಾಲಾಡಿ 2008ರಲ್ಲಿ ಪ್ರಕಟಿಸಿದರು. ಶೇಕಡಾ 90ಕ್ಕಿಂತ ಜಾಸ್ತಿ ಸಲ ಕರಡಿ ನಿಂತಿತ್ತು, ಸ್ಪ್ರೇ ಇದ್ದವರಲ್ಲಿ ಶೇಕಡಾ 98 ಜನಕ್ಕೆ ಗಾಯ ಆಗಿರಲಿಲ್ಲ. ಇವರೇ 2012ರಲ್ಲಿ ಬಂದೂಕಿನ 269 ಘಟನೆಗಳನ್ನು ನೋಡಿದರು. ಕೈಬಂದೂಕು ಶೇಕಡಾ 84 ಸಲ ಕೆಲಸ ಮಾಡಿತ್ತು, ಕಡಿಮೆ ಏನಲ್ಲ. ಆದರೆ ಬಂದೂಕು ಇದ್ದವರಲ್ಲಿ ಹೊಡೆದವರಿಗೂ ಹೊಡೆಯದವರಿಗೂ ಕೊನೆಯ ಫಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಎರಡು ಅಧ್ಯಯನಗಳನ್ನು ಪಕ್ಕಪಕ್ಕ ಇಟ್ಟು ಅಂಕಿ ಹೋಲಿಸುವುದು ಸರಿಯಲ್ಲ ಅಂತ ವಾದಿಸುವವರಿದ್ದಾರೆ, ಅವರ ಮಾತಿನಲ್ಲೂ ಹುರುಳಿದೆ. ಆದರೂ ವರ್ಷಕ್ಕೆ ಎರಡು ಸಲ ಗುಂಡು ಹೊಡೆಯುವ ರೇಂಜಿಗೆ ಹೋಗುವವರ ಕೈಯಲ್ಲಿ ಮ್ಯಾಗ್ನಂಗಿಂತ ಸ್ಪ್ರೇ ವಾಸಿ. 2010ರ ಫೆಬ್ರುವರಿಯಿಂದ ರಾಷ್ಟ್ರೀಯ ಉದ್ಯಾನಗಳಲ್ಲಿ ಬಂದೂಕು ಹೊರುವುದಕ್ಕೆ ಆಯಾ ರಾಜ್ಯದ ಕಾನೂನು ಅನ್ವಯ, ಆದರೆ ವಿಸಿಟರ್ ಸೆಂಟರ್ ಒಳಗೆ ಒಯ್ಯುವ ಹಾಗಿಲ್ಲ.

ಇನ್ನೊಬ್ಬರು, ಎದ್ದು ನಿಂತು, "ಅಣ್ಣ, ಅಲಾಸ್ಕಾದಲ್ಲಿ ಆತ್ಮರಕ್ಷಣೆಗೆ ಕರಡಿ ಹೊಡೆದರೆ ಚರ್ಮ ನಮಗೇನಾ?"

ಇಲ್ಲ. ಚರ್ಮವನ್ನು ಉಗುರು ಸಮೇತ ಸುಲಿದು, ತಲೆಬುರುಡೆ ಜೊತೆ ರಾಜ್ಯಕ್ಕೆ ಒಪ್ಪಿಸಬೇಕು, 15 ದಿನದೊಳಗೆ ವರದಿ ಬರೆದುಕೊಡಬೇಕು. ಸುಲಿಯುವ ಕೆಲಸ ನಿಮ್ಮದೇ. ಕಸ ಹರಡಿ, ತಿಂಡಿ ಹೊರಗಿಟ್ಟು ಕರಡಿಯನ್ನು ನೀವೇ ಕರೆಸಿಕೊಂಡಿದ್ದರೆ ಅದು ಆತ್ಮರಕ್ಷಣೆ ಅನ್ನಿಸಿಕೊಳ್ಳುವುದೂ ಇಲ್ಲ. ಬೇಟೆಗೇ ಹೋಗುವುದಾದರೆ ಹೊರರಾಜ್ಯದವರು ಕಂದು ಕರಡಿಗೆ ಗೈಡ್ ಇಟ್ಟುಕೊಳ್ಳಲೇಬೇಕು. ಅಲ್ಲೇ ವಾಸವಿರುವ ಹತ್ತಿರದ ಸಂಬಂಧಿ ಜೊತೆಗಿದ್ದರೆ ಮಾತ್ರ ಬೇರೆ ಮಾತು.

ಕೊನೆಯ ಪ್ರಶ್ನೆ ಸಿಯಾಟಲ್ ಕಡೆಯ ಹುಡುಗನದ್ದು. ಕಾರಿನಲ್ಲೇ ಕೆನಡಾ ದಾಟಿ ಅಲಾಸ್ಕಾಕ್ಕೆ ಹೋಗುವಾಗ ರಿವಾಲ್ವರ್ ಒಯ್ಯಬಹುದಾ ಅಂತ. ಬೇಡ ತಮ್ಮಾ. ಕೆನಡಾದಲ್ಲಿ ಕೈಬಂದೂಕಿನ ಕಾನೂನು ಮೊದಲೇ ಬಿಗಿ, 2022ರ ಅಕ್ಟೋಬರ್ 21ರಿಂದ ಕೊಳ್ಳುವುದು, ಮಾರುವುದು, ಒಳಗೆ ತರುವುದು ಎಲ್ಲಕ್ಕೂ ತಡೆ. ಗಡಿಯಲ್ಲಿ ಸಿಕ್ಕಿದರೆ ರಿವಾಲ್ವರ್ ಹೋಗುತ್ತದೆ, ಜೊತೆಗೆ ಕೇಸು. ವಿಮಾನದಲ್ಲಿ ಹೋಗು. ಖಾಲಿ ಮಾಡಿ, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಕೌಂಟರ್‌ನಲ್ಲಿ ಬಾಯಿಬಿಟ್ಟು ಹೇಳಿ, ಚೆಕ್-ಇನ್ ಲಗೇಜಿಗೆ ಹಾಕಬೇಕು. ತೋಟೆ ಅದರ ಡಬ್ಬಿಯಲ್ಲೇ ಇರಲಿ, ಎಷ್ಟು ತೂಕ ಬಿಡುತ್ತಾರೆ ಅಂತ ವಿಮಾನ ಕಂಪನಿಯನ್ನು ಮೊದಲೇ ಕೇಳು. ಬೇರ್ ಸ್ಪ್ರೇ ಮಾತ್ರ ಕೈಚೀಲದಲ್ಲೂ ಬಿಡಲ್ಲ, ಲಗೇಜಿನಲ್ಲೂ ಬಿಡಲ್ಲ. ಅದನ್ನು ಆ್ಯಂಕರೇಜ್‌ನಲ್ಲಿ ಇಳಿದ ಮೇಲೆ ಕೊಂಡುಕೋ.